ಬ್ರದರ್ ಯಾರು, ಕಸಿನ್ ಯಾರು

ಇಂಗ್ಲಿಷ್ ಮೇಷ್ಟ್ರಾದವನಿಗೆ ಒಂದು ಕೆಟ್ಟ ಚಾಳಿ ಅಂಟಿಕೊಳ್ಳುತ್ತದೆ. ಮನೆಗೆ ಬಂದವರು ಏನು ಹೇಳಿದರು ಎನ್ನುವುದಕ್ಕಿಂತ ಹೇಳಿದ್ದರಲ್ಲಿ ಎಷ್ಟು ತಪ್ಪಿತ್ತು ಎಂಬುದೇ ಅವನಿಗೆ ಮೊದಲು ಕೇಳಿಸುತ್ತದೆ. ದಾವಣಗೆರೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ನನಗೂ ಆ ಚಾಳಿ ಧಾರಾಳವಾಗಿಯೇ ಇತ್ತು. ಒಂದೇ ಅರ್ಥದಂತೆ ಕಾಣುವ ಎರಡು ಪದಗಳನ್ನು ಕೊಟ್ಟರೆ ಕಪ್ಪುಹಲಗೆಯ ನಡುವೆ ಗೆರೆ ಎಳೆದು, ಇದು ಇಲ್ಲಿ, ಅದು ಅಲ್ಲಿ ಎಂದು ವಿಂಗಡಿಸಿ, ಕೈ ಕೊಡವಿಕೊಂಡು ಹೊರಗೆ ಬರುತ್ತಿದ್ದೆ. ಹಾಗೆ ಬೀಗುತ್ತಿದ್ದ ನನ್ನನ್ನು ಒಂದು ಸಲ ಬ್ರದರ್, ಕಸಿನ್ ಎಂಬ ಎರಡು ಪದಗಳು ಹಿಡಿದು ಗೋಳು ಹೊಯ್ದುಕೊಂಡವು. ಸೋತವನು ನಾನೇ ಆದ್ದರಿಂದ ಮುಚ್ಚಿಡದೆ ಹೇಳಿಬಿಡುತ್ತೇನೆ.

ಇಂಗ್ಲಿಷರಿಗೆ ನೆಂಟರು ಕಡಿಮೆಯೋ, ಪದಗಳು ಕಡಿಮೆಯೋ ನನಗೆ ಇಂದಿಗೂ ತಿಳಿಯದು. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವನು ಬ್ರದರ್. ಮಿಕ್ಕಂತೆ ದೊಡ್ಡಪ್ಪನ ಮಗ, ಚಿಕ್ಕಮ್ಮನ ಮಗಳು, ಸೋದರತ್ತೆಯ ಮಗ, ಸೋದರಮಾವನ ಮಗಳು ಎಲ್ಲರನ್ನೂ ಕಸಿನ್ ಎಂಬ ಒಂದೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿಬಿಟ್ಟಿದ್ದಾರೆ. ನಮ್ಮಲ್ಲಿ ದೊಡ್ಡಪ್ಪನ ಮಗಳು ಅಕ್ಕ. ಸೋದರಮಾವನ ಮಗಳು ಮದುವೆಗೆ ಹಕ್ಕಿನ ಹೆಣ್ಣು. ನನ್ನ ಹೆಂಡತಿ ಪಾರ್ವತಿ ನನ್ನ ಸೋದರಮಾವನ ಮಗಳೇ. ಅವಳು ಅಕ್ಕಿ ಕೇರುತ್ತಿದ್ದಾಗ ಒಮ್ಮೆ ಈ ಪದದ ಅರ್ಥವನ್ನು ಹುಮ್ಮಸ್ಸಿನಿಂದ ವಿವರಿಸಿದೆ. ಅವಳು ಮೊರ ಕೆಳಗಿಟ್ಟಳು.

"ಹಂಗಾದ್ರೆ ಇಂಗ್ಲಿಷ್‌ನಾಗ ನಾನೂ ಹರಿಹರದ ಬಾವನೋರೂ ಒಂದೇ ಏನ್ರಿ?"

ಹೌದು ಎಂದೆ.

"ಅಂಥಾದ್ದನ್ನ ಮಕ್ಕಳಿಗೆ ಕಲಿಸಿ ಸಂಬಳ ಬ್ಯಾರೆ ತಗಂತೀರಲ್ಲ" ಎಂದು ಮತ್ತೆ ಮೊರ ಎತ್ತಿಕೊಂಡಳು.

ಅವಳು ಹೇಳಿದ ಹರಿಹರದ ಬಾವನವರೆಂದರೆ ನನ್ನ ಅಣ್ಣ ಬಸಣ್ಣ. ದೊಡ್ಡಪ್ಪನ ಮಗ, ನನಗಿಂತ ಹನ್ನೊಂದು ವರ್ಷ ದೊಡ್ಡವನು. ನನ್ನ ಅಪ್ಪ ಬೇಗ ತೀರಿಕೊಂಡಿದ್ದರಿಂದ ನಾನು ಬೆಳೆದದ್ದು ದೊಡ್ಡಪ್ಪನ ಮನೆಯಲ್ಲಿ. ನನಗೆ ಈಜು ಕಲಿಸಲು ತುಂಗಭದ್ರೆಗೆ ನೂಕಿದವನೂ ಅವನೇ, ನಾನು ಮುಳುಗಿದಾಗ ಜುಟ್ಟು ಹಿಡಿದು ಎಳೆದವನೂ ಅವನೇ. ಹರಿಹರದಲ್ಲಿ ಮಂಡಕ್ಕಿ ಭಟ್ಟಿ ಇಟ್ಟುಕೊಂಡಿದ್ದ. ಅವನ ಹಿರಿಮಗಳು ಗಿರಿಜೆಗೆ ಮದುವೆ ಗೊತ್ತಾಯಿತು. ಅವನು ಹೇಳಿಕಳಿಸಿದ ಮಾತು ಒಂದೇ. "ನಾಕು ದಿನ ಮುಂಚೆ ಬರಬೇಕು. ಹಂದರ ಹಾಕ್ಸೋದು ಚಿಕ್ಕಪ್ಪನ ಕೆಲಸ. ಬ್ಯಾರೆಯೋರು ಕೈ ಹಚ್ಚಂಗಿಲ್ಲ." ನಮ್ಮ ಮನೆತನದ ರೂಢಿ ಅದು. ಚಿಕ್ಕಪ್ಪ ಮೊದಲ ಕಂಬ ನೆಡದೆ ಹಂದರ ಏಳುವಂತಿಲ್ಲ.

ನಾನು ರಜೆಗೆ ಬರೆದೆ. ಕಾರಣದ ಜಾಗದಲ್ಲಿ ಮಗಳ ಮದುವೆ ಎಂದು ಇಂಗ್ಲಿಷಿನಲ್ಲಿ ಕಾಣಿಸಿದೆ. ಅಣ್ಣನ ಮಗಳು ನನ್ನ ಮಗಳೇ ಅಲ್ಲವೆ? ನಮ್ಮ ಹೆಡ್ಮಾಸ್ಟರು ಆ ವರ್ಷವೇ ಮೈಸೂರಿನ ಕಡೆಯಿಂದ ಬಂದವರು. ಕಾಗದದ ಮೇಲೆ ಇದ್ದರೆ ಮಾತ್ರ ಲೋಕದಲ್ಲಿ ಇದೆ ಎಂದು ನಂಬುವವರು. ಕರೆಸಿದರು.

"ಮೇಷ್ಟ್ರೇ, ರಿಜಿಸ್ಟರಿನ ಪ್ರಕಾರ ನಿಮಗೆ ಇಬ್ಬರು ಗಂಡುಮಕ್ಕಳು. ದೊಡ್ಡವನಿಗೆ ಆರು ವರ್ಷ. ಈ ಮಗಳು ಹುಟ್ಟಿದ್ದು ಯಾವಾಗ, ಮದುವೆಗೆ ಬಂದದ್ದು ಯಾವಾಗ?"

"ನನ್ನ ಬ್ರದರ್ ಮಗಳು, ಸರ್."

"ಒಡಹುಟ್ಟಿದವರೋ?"

"ದೊಡ್ಡಪ್ಪನ ಮಗ, ಸರ್."

"ಹಾಗಾದರೆ ಕಸಿನ್. ಇಂಗ್ಲಿಷ್ ಮೇಷ್ಟ್ರಿಗೆ ಇದನ್ನು ನಾನು ಹೇಳಿಕೊಡಬೇಕೆ? ಸ್ವಂತ ಮನೆಯ ಮದುವೆಗೆ ನಾಲ್ಕು ದಿನ, ನೆಂಟರ ಮದುವೆಗೆ ಒಂದು ದಿನ. ಮದುವೆಯ ದಿನ ಹೋಗಿ ಊಟ ಮಾಡಿಕೊಂಡು ಬನ್ನಿ."

ನನಗೆ ಹಟ ಬಂತು. ನಾನು ನೆಂಟನಂತೆ ಊಟಕ್ಕೆ ಹೋಗುವುದೆ? ದಿನಕ್ಕೊಂದು ಅರ್ಜಿ ಕೊಡಲು ಶುರುಮಾಡಿದೆ. ಒಂದೇ ಮನೆ, ಒಂದೇ ಒಲೆ, ಒಂದೇ ಕೈ ತುತ್ತು ಎಂದು ಒಳ್ಳೊಳ್ಳೆಯ ಇಂಗ್ಲಿಷಿನಲ್ಲಿ ಬರೆದೆ. ಮೂರನೆಯದು ಎರಡು ಪುಟಕ್ಕೆ ಹೋಯಿತು. ಅಷ್ಟು ಸೊಗಸಾದ ಇಂಗ್ಲಿಷ್ ನಾನು ಬಿ.ಎ. ಪರೀಕ್ಷೆಯಲ್ಲೂ ಬರೆದಿರಲಿಲ್ಲ. ಅವರು ಮಾತ್ರ ಬ್ರದರ್ ಎಂದಿದ್ದ ಕಡೆಯೆಲ್ಲ ಕೆಂಪು ಶಾಯಿಯಲ್ಲಿ ಗೀಟು ಹಾಕಿ, ಮೇಲೆ ಕಸಿನ್ ಎಂದು ತಿದ್ದಿ ವಾಪಸು ಕಳಿಸುತ್ತಿದ್ದರು. ಐದನೆಯ ಅರ್ಜಿಯನ್ನು ಅವರು ಓದಲೂ ಇಲ್ಲ. ಬ್ರದರನ್ನು ಹುಡುಕಿ ಹುಡುಕಿ ಹೊಡೆದುಹಾಕಿದರು. ನಾನು ಮಕ್ಕಳ ಪುಸ್ತಕ ತಿದ್ದುವುದೂ ಹೀಗೇ ಎಂದು ಆಗ ಹೊಳೆದು ಇನ್ನಷ್ಟು ಸಿಟ್ಟು ಬಂತು.

ಶನಿವಾರ ಬಸಣ್ಣನೇ ಸ್ಕೂಲಿಗೆ ಬಂದ. ತಮ್ಮನ ಸಾಹೇಬರನ್ನು ಕರೆಯದೆ ಮಗಳ ಮದುವೆ ಮಾಡುವುದು ಮರ್ಯಾದೆಯಲ್ಲ ಎಂದು, ಒಂದು ಕೈಯಲ್ಲಿ ಲಗ್ನಪತ್ರಿಕೆ, ಇನ್ನೊಂದು ಕೈಯಲ್ಲಿ ಮಂಡಕ್ಕಿ ಚೀಲ ಹಿಡಿದು ಬಂದಿದ್ದ. ಹೆಡ್ಮಾಸ್ಟರ ಕೋಣೆಗೆ ಕರೆದುಕೊಂಡು ಹೋದೆ. ಅವರು ಕನ್ನಡಕದ ಮೇಲಿಂದ ನೋಡಿ, "ಇವರು ಯಾರು?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಒಂದು ವಾರ ಬ್ರದರ್, ಬ್ರದರ್ ಎಂದು ಹೋರಾಡಿದ ಶೂರ ನಾನು. ಆದರೆ ಅವರ ಎದುರು, ಅವರ ಕೆಂಪು ಶಾಯಿಯ ಪೆನ್ನಿನ ಎದುರು, ಆರನೆಯ ಸಲ ಇಂಗ್ಲಿಷ್ ತಪ್ಪಿದವನೆನಿಸಿಕೊಳ್ಳಲು ನಾಲಿಗೆ ಒಪ್ಪಲಿಲ್ಲ.

"ಮೈ ಕಸಿನ್, ಸರ್" ಎಂದೆ.

ಬಸಣ್ಣನಿಗೆ ಅದೇನೂ ತಿಳಿಯಲಿಲ್ಲ. ಕೈಮುಗಿದು, "ನೀವು ಮನೆಮಂದಿ ಎಲ್ಲಾ ಬರಬೇಕ್ರಿ" ಎಂದು ಪತ್ರಿಕೆ ಕೊಟ್ಟ. ಹೆಡ್ಮಾಸ್ಟರು ಬಿಡಿಸಿ ಓದಿದರು. ನಮ್ಮ ಪುತ್ರಿ ಗಿರಿಜೆಯ ವಿವಾಹಕ್ಕೆ ತಾವು ಬರಬೇಕೆಂದು ಕೋರುವವರು ಎಂದಿದ್ದ ಕಡೆ ಎರಡು ಹೆಸರು ಅಚ್ಚಾಗಿದ್ದವು. ಮೇಲಿನದು ನನ್ನದು, ಬಿ.ಎ. ಸಮೇತ. ಕೆಳಗಿನದು ಬಸಣ್ಣನದು.

"ಓದಿದೋನ ಹೆಸರು ಮ್ಯಾಲೆ ಇರ್ಲಿ ಅಂತ ನಾನೇ ಹಾಕ್ಸಿದೆ" ಎಂದ ಬಸಣ್ಣ.

ಹೆಡ್ಮಾಸ್ಟರು ಪತ್ರಿಕೆಯನ್ನು ಎರಡು ಸಲ ಓದಿದರು. ಅಚ್ಚಾದ ಕಾಗದ, ಅದಕ್ಕೆ ಎದುರಾಡುವಂತಿಲ್ಲ. "ನೀವು ಕನ್ಯಾಪಿತೃಗಳೇ ಆದಮೇಲೆ ಇದನ್ನು ಮೊದಲೇ ಲಗತ್ತಿಸಬಾರದಿತ್ತೆ, ಮೇಷ್ಟ್ರೇ?" ಎಂದು ನಾಲ್ಕು ದಿನದ ರಜೆಗೆ ರುಜು ಹಾಕಿದರು. ನನಗೆ ಸಂತೋಷವಾಗಬೇಕಿತ್ತು. ನಾಚಿಕೆಯಾಯಿತು.

ಗೇಟಿನ ಹತ್ತಿರ ಬಸಣ್ಣ ಕೇಳಿದ. "ಅಲ್ಲಿ ನನ್ನನ್ನ ಏನೋ ಅಂದೆಲ್ಲ, ಕಸಿನ್ನೋ ಏನೋ. ಹಂಗಂದ್ರೇನು?"

"ದೊಡ್ಡಪ್ಪನ ಮಗ ಅಂತಣ್ಣ."

"ಅಣ್ಣ ಅನ್ನೋಕೆ ಇಂಗ್ಲಿಷ್‌ನಾಗ ಮಾತೇ ಇಲ್ಲೇನು?"

"ಐತೆ."

ಅವನು ಬೈದಿದ್ದರೆ ಚೆನ್ನಾಗಿತ್ತು. "ಬಿಡು, ಬಸ್ಸಿಗೆ ಹೊತ್ತಾತು" ಎಂದು ಮಂಡಕ್ಕಿ ಚೀಲ ನನ್ನ ಕೈಗಿತ್ತು ನಡೆದ.

ಆ ನಾಲ್ಕು ದಿನ ನಾನು ಹರಿಹರದಲ್ಲಿ ದುಡಿದಂತೆ ಯಾವ ಕೂಲಿಯವನೂ ದುಡಿದಿರಲಾರ. ಕಂಬ ನೆಟ್ಟೆ, ತೆಂಗಿನ ಗರಿ ಹೊದಿಸಿದೆ, ಯಾರಾದರೂ ಸಹಾಯಕ್ಕೆ ಬಂದರೆ ಗದರಿ ಓಡಿಸಿದೆ. ಬಸಣ್ಣ ಕಸಿನ್ ವಿಷಯ ಎತ್ತಲೇ ಇಲ್ಲ. ಮರೆತಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಮದುವೆಯ ಹಿಂದಿನ ಸಂಜೆ ಗಂಡಿನ ಕಡೆಯವರು ಬಂದು ಹಂದರದಲ್ಲಿ ಕೂತರು. ಬೀಗರು ನನ್ನ ಕಡೆ ತಿರುಗಿ, "ಇವ್ರು ಯಾರಾಗ್ಬೇಕ್ರಿ?" ಎಂದರು.

"ನನ್ನ ತಮ್ಮ, ಇಂಗ್ಲಿಷ್ ಮೇಷ್ಟ್ರು" ಎಂದ ಬಸಣ್ಣ, ಹೆಮ್ಮೆಯಿಂದಲೇ. ಆಮೇಲೆ ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು ಹೇಳಿದ. "ನಾನು ಅವನಿಗೆ ಯಾರಾಗ್ಬೇಕು ಅಂತ ಮಾತ್ರ ಕೇಳಬ್ಯಾಡ್ರಿ. ಅದು ಇಂಗ್ಲಿಷ್‌ನಾಗ ಬ್ಯಾರೆ ಐತಂತೆ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಹಂದರದ ಹಗ್ಗ ಸಡಿಲವಾಗಿದೆಯೇನೋ ನೋಡಿಬರುತ್ತೇನೆಂದು ಏಣಿ ಹತ್ತಿ, ಬಿಗಿಯಾಗಿಯೇ ಇದ್ದ ಗಂಟನ್ನು ಬಿಚ್ಚಿ ಮತ್ತೆ ಕಟ್ಟುತ್ತಾ ಬೀಗರ ಊಟವಾಗುವವರೆಗೂ ಮೇಲೆಯೇ ಇದ್ದೆ.