ಪಾತ್ರೆಯಾತ್ರೆ

ಕಂಡಕ್ಟರನ ಹೆಂಡತಿಗೆ ದೇವರ ಮೇಲೆ ಭಕ್ತಿ ಇರಲಿಲ್ಲವೆಂದಲ್ಲ. ಆದರೆ ಅವಳು ಪಾದಯಾತ್ರೆಗೆ ಹೆಸರು ಕೊಟ್ಟದ್ದು ಒಲೆಯ ಮೇಲೆ ಹುಟ್ಟಿದ ವೈರಾಗ್ಯದಿಂದ. ಗಂಡನಿಗೆ ಮೊದಲ ಬಸ್ಸಿನ ಡ್ಯೂಟಿ, ಮಗಳಿಗೆ ಮಧ್ಯಾಹ್ನದ ಕಾಲೇಜು. ಅತ್ತೆಗೆ ಹಲ್ಲಿಲ್ಲ, ಎಲ್ಲವೂ ಮೆತ್ತಗಿರಬೇಕು. ಮಗನಿಗೆ ಹಲ್ಲು ಗಟ್ಟಿ, ಎಲ್ಲವೂ ಗರಿಗರಿಯಾಗಬೇಕು. ಒಬ್ಬರ ತಟ್ಟೆ ತೊಳೆದಿಡುವಷ್ಟರಲ್ಲಿ ಇನ್ನೊಬ್ಬರಿಗೆ ಹಸಿವು. ಒಲೆಗೂ ನಲ್ಲಿಗೂ ನಡುವೆ ಅವಳು ಈವರೆಗೆ ನಡೆದ ದೂರವನ್ನು ನೆಟ್ಟಗೆ ಎಳೆದಿದ್ದರೆ ಆ ಪುಣ್ಯಕ್ಷೇತ್ರಕ್ಕೆ ಯಾವತ್ತೋ ಹೋಗಿ ಬಂದಾಗುತ್ತಿತ್ತು.

ಸುದ್ದಿ ತಂದವರು ಪಕ್ಕದ ಬೀದಿಯ ನಿವೃತ್ತ ಹೆಡ್‌ಮಾಸ್ತರರು. ವರ್ಷವರ್ಷ ಒಂದು ತಂಡ ಕಟ್ಟಿ, ಕೊರಳಿಗೆ ಸೀಟಿ ನೇತುಹಾಕಿಕೊಂಡು, ವಾರವಿಡೀ ಭಕ್ತರನ್ನು ಸಾಲಾಗಿ ನಡೆಸುವುದು ಅವರ ಚಟ.

"ನೀವು ಬರೀ ನಡೆದರೆ ಸಾಕಮ್ಮ. ನಮ್ಮ ಅಡುಗೆಯವರು ಪಾತ್ರೆ ಪಡಗ ಹೇರ್ಕೊಂಡು ವ್ಯಾನಲ್ಲಿ ಮುಂದೆ ಹೋಗಿರ್ತಾರೆ. ನೀವು ಹೋಗಿ ಕೂತ್ರೆ ಊಟ ಮುಂದೆ ಬರುತ್ತೆ" ಎಂದರು.

ಊಟ ತಾನಾಗಿ ಮುಂದೆ ಬರುತ್ತದೆಂಬ ಮಾತು ಕೇಳಿ ಅವಳ ಕಣ್ಣು ತುಂಬಿ ಬಂತು. (ಮಾಸ್ತರರು ಅದನ್ನು ಭಕ್ತಿಪರವಶತೆಯೆಂದು ತಿಳಿದು ತಾವೂ ಕೈಮುಗಿದರು.)

"ಒಂದು ವಾರಾನಾ? ನಮ್ಮ ಗತಿ?" ಎಂದು ಕೇಳಿದ ಗಂಡ.

"ದೇವರಿದ್ದಾನೆ ಕಣ್ರೀ."

"ನೀನು ಅವನ ಹತ್ರಾನೇ ಹೋಗ್ತಿದ್ದೀಯಲ್ಲ. ಇಲ್ಲಿ ಯಾರಿರ್ತಾರೆ?"

ಅತ್ತೆ ಮಧ್ಯೆ ಬಂದರು. "ಹೋಗ್ಲಿ ಬಿಡೋ. ಇವಳ ಅಡುಗೆ ಒಂದು ವಾರ ತಪ್ಪಿದ್ರೆ ಯಾರ ಗಂಟೂ ಹೋಗಲ್ಲ. ಕೊನೇ ದಿನ ನಾವೂ ಬಸ್ಸಲ್ಲಿ ಹೋಗಿ ದರ್ಶನ ಮಾಡ್ಕೊಂಡು ಇವಳನ್ನ ಕರ್ಕೊಂಡು ಬರೋಣ." ಮದುವೆಯಾದಾಗಿನಿಂದ ಸೊಸೆಯ ಅಡುಗೆಗೆ ಅವರು ಕೊಟ್ಟಿದ್ದ ಪರಮೋಚ್ಚ ಪ್ರಶಸ್ತಿ 'ತಿನ್ನಬಹುದು' ಎಂಬುದು.

ಹೊರಡುವಾಗಲೇ ಅವಳೊಂದು ನಿರ್ಧಾರ ಮಾಡಿದ್ದಳು: ತನಗೆ ಅಡುಗೆ ಬರುತ್ತದೆಂದು ಯಾರೆದುರೂ ಬಾಯಿ ಬಿಡುವುದಿಲ್ಲ. ದಾರಿಯಲ್ಲಿ ಹೆಂಗಸರು ಮನೆಯ ಅಡುಗೆಯ ಮಾತೆತ್ತಿದಾಗ, "ನಮ್ಮನೇಲಿ ಎಲ್ಲ ಅವರೇ ಮಾಡೋದು" ಎಂದುಬಿಟ್ಟಳು. ಹೆಂಗಸರು ಅವಳ ಪಾದವನ್ನೇ ಮುಟ್ಟಿ ನಮಸ್ಕರಿಸುವವರಂತೆ ನೋಡಿದರು. ಆ ಪಾದದಲ್ಲಾಗಲೇ ಬೊಬ್ಬೆ ಎದ್ದಿತ್ತು. ಮಂಡಿ ನೋಯುತ್ತಿತ್ತು, ಬಿಸಿಲು ನೆತ್ತಿ ಸುಡುತ್ತಿತ್ತು. ಆದರೂ ನೆರಳಲ್ಲಿ ಕೂತಾಗ ಯಾರೋ ಬಂದು ಎದುರಿಗೆ ತಟ್ಟೆ ಇಟ್ಟು ಹೋಗುತ್ತಿದ್ದರಲ್ಲ, ಆಗ ಅವಳಿಗೆ ಕ್ಷೇತ್ರ ಇನ್ನೆಷ್ಟು ದೂರವಿದ್ದರೂ ಚಿಂತೆಯಿಲ್ಲ ಅನ್ನಿಸುತ್ತಿತ್ತು.

ತಟ್ಟೆಯೇನೋ ಸರಿ, ತಟ್ಟೆಯೊಳಗಿನದು ಸರಿಯಿರಲಿಲ್ಲ. ಮೊದಲ ದಿನ ಅನ್ನ ಅರೆಬೆಂದಿತ್ತು, ಕಣ್ಣುಮುಚ್ಚಿ ನುಂಗಿದಳು. ಮರುದಿನ ಉಪ್ಪು ಮುಂದಾಗಿತ್ತು. ನೀರು ಕುಡಿದು ಸುಮ್ಮನಾದಳು. ಅದರ ಮಾರನೆಯ ದಿನ ಬೇಳೆ ಸೀದಿತ್ತು. ಅವಳ ನಾಲಿಗೆ ತಡೆಯಲಿಲ್ಲ. ಕುಂಟುತ್ತ ವ್ಯಾನಿನ ಹಿಂಬದಿಗೆ ಹೋದಳು. ಅಡುಗೆಯವರು ಒಬ್ಬರೇ ಒಂದು ಪಾತ್ರೆ ಬೋರಲು ಹಾಕಿ ಅದರ ಮೇಲೆ ಕೂತು, ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ರಸ್ತೆ ನೋಡುತ್ತಿದ್ದರು. ತುಂಬ ಬಳಲಿದ ಮುಖ.

"ತಪ್ಪು ತಿಳ್ಕೋಬೇಡಿ ಅಣ್ಣ. ಬೇಳೆ ತಳ ಹಿಡಿದಿದೆ."

"ಗೊತ್ತಮ್ಮ."

"ಉರಿ ಸಣ್ಣ ಇರಬೇಕಿತ್ತು. ತಳ ಹಿಡಿದ ಮೇಲೆ ಸೌಟು ಹಾಕಿ ಕೆದಕಬಾರದು, ಮೇಲಿಂದು ಮೆಲ್ಲಗೆ ಬೇರೆ ಪಾತ್ರೆಗೆ ಬಗ್ಗಿಸ್ಕೋಬೇಕು."

ಅಡುಗೆಯವರು ತಲೆಯೆತ್ತಿ ಅವಳನ್ನೇ ನೋಡಿದರು. ಅಷ್ಟು ಆಸೆಯಿಂದ ಅವಳನ್ನು ಯಾರಾದರೂ ನೋಡಿ ಬಹಳ ವರ್ಷವಾಗಿತ್ತು. "ನಿಮ್ಮನೇಲಿ ಯಜಮಾನ್ರೇ ಅಡುಗೆ ಮಾಡೋದು ಅಂದ್ರು?"

"ಅವರು ಮಾಡೋದನ್ನ... ನೋಡಿದ್ದೀನಿ."

"ಹಾಗಾದ್ರೆ ಸಂಜೆ ಒಂದು ಕೈ ನೋಡಿ. ಒಂದೇ ಹೊತ್ತು" ಎಂದು ಅವರು ಸೌಟು ಚಾಚಿದರು.

ಬೇಡವೆಂದು ಬಾಯಿ ಹೇಳುವಷ್ಟರಲ್ಲಿ ಕೈ ಸೌಟು ಹಿಡಿದಾಗಿತ್ತು. ಅಷ್ಟು ದೊಡ್ಡ ಪಾತ್ರೆ ಅವಳು ಕಂಡಿರಲಿಲ್ಲ, ಆದರೂ ಉಪ್ಪು ಎಷ್ಟೆಂದು ಕೈಗೆ ತಾನಾಗಿ ತಿಳಿಯಿತು. ಆ ಸಂಜೆ ಭಕ್ತರು ಮತ್ತೆಮತ್ತೆ ಬಡಿಸಿಕೊಂಡರು. ಎರಡನೇ ಸಲ ನುಗ್ಗಿದವರನ್ನು ಸಾಲಿಗೆ ತರಲು ಮಾಸ್ತರರು ಸೀಟಿ ಊದಬೇಕಾಯಿತು.

ಮಾರನೆಯ ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟಿಕೊಂಡು ಬಂದಾಗ ಸಾಲಿನ ತುದಿಯಲ್ಲಿ ಅಡುಗೆಯವರು ನಿಂತಿದ್ದರು. ಸ್ನಾನವಾಗಿತ್ತು, ಕೈಯಲ್ಲೊಂದು ಕೋಲಿತ್ತು.

"ಅಣ್ಣ, ವ್ಯಾನು ಆ ಕಡೆ."

"ಅಮ್ಮ, ಇಷ್ಟು ವರ್ಷದಿಂದ ಪಾದಯಾತ್ರೆಗೆ ಬರ್ತಿದ್ದೀನಿ. ಒಂದು ಹೆಜ್ಜೆ ನಡೆದಿಲ್ಲ. ವ್ಯಾನಲ್ಲೇ ಹೋಗಿ ವ್ಯಾನಲ್ಲೇ ವಾಪಸ್. ಆ ದೇವರು ನನ್ನನ್ನ ಪಾತ್ರೆ ಜೊತೆ ಬರೋ ಸಾಮಾನು ಅಂತ್ಲೇ ಅಂದ್ಕೊಂಡಿರ್ತಾನೆ. ಇವತ್ತೊಂದು ದಿನ ನಡೆದುಬಿಡ್ತೀನಿ."

ಒಲೆಯಿಂದ ಒಂದು ದಿನ ಬಿಡುಗಡೆ ಕೇಳುವವನಿಗೆ ಇಲ್ಲ ಅನ್ನಲು ಅವಳಿಂದ ಹೇಗಾದೀತು? ಸುಮ್ಮನೆ ಹೋಗಿ ವ್ಯಾನು ಹತ್ತಿದಳು. ಆ ಒಂದು ದಿನ ಮತ್ತೆ ಮುಗಿಯಲೇ ಇಲ್ಲ. ಅಕ್ಕಿ ಮೂಟೆಗೆ ಬೆನ್ನು ಕೊಟ್ಟು, ಹಂಡೆ ಉರುಳದಂತೆ ಮಂಡಿಯಿಂದ ತಡೆದುಕೊಂಡು ಅವಳು ಹೋಗುತ್ತಿದ್ದರೆ, ರಸ್ತೆಬದಿಯಲ್ಲಿ ಭಜನೆ ಮಾಡುತ್ತ ನಡೆಯುವವರು ಕೈಬೀಸುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಬೀಸುತ್ತಿದ್ದವರು ಅಡುಗೆಯವರು. ಪಾದ ಹೋಗಿ ಪಾತ್ರೆ ಉಳಿದಿತ್ತು, ಯಾತ್ರೆಯೇನೋ ಸಾಗುತ್ತಿತ್ತು.

"ನಡೆದವರಿಗಿಂತ ನಿಮಗೇ ಪುಣ್ಯ ಜಾಸ್ತಿ ತಾಯಿ" ಎಂದು ಮಾಸ್ತರರು ಸಮಾಧಾನ ಹೇಳಿದರು.

"ಬೇಕಿದ್ರೆ ಬದಲಾಯಿಸ್ಕೊಳ್ಳೋಣ ಬನ್ನಿ" ಎಂದಳು. ಮಾಸ್ತರರಿಗೆ ಯಾಕೋ ತಟ್ಟನೆ ತಂಡದ ಎಣಿಕೆ ಮಾಡುವ ನೆನಪಾಯಿತು.

ಕ್ಷೇತ್ರ ಮುಟ್ಟಿದ ದಿನ ಛತ್ರದ ಅಡುಗೆಮನೆಯಲ್ಲಿ ಅವಳು ಬೆಳಗಿನಿಂದ ಬೇಯುತ್ತಿದ್ದಳು. ಮೊದಲ ಪಂಕ್ತಿ ಕೂತಾಗ ಕಿಟಕಿಯಾಚೆಯಿಂದ ಪರಿಚಯದ ದನಿ ಬಂತು.

"ಆ ಬೇಳೆ ಇನ್ನೊಂದು ಸೌಟು ಹಾಕಪ್ಪ."

ಅತ್ತೆಯ ಬಾಯಲ್ಲಿ 'ಇನ್ನೊಂದು' ಎಂಬ ಶಬ್ದ! ಅವಳು ಕೈ ಒರೆಸಿಕೊಳ್ಳುತ್ತ ಹೊರಗೆ ಓಡಿದಳು. ಗಂಡ, ಮಕ್ಕಳು, ಅತ್ತೆ ಸಾಲಾಗಿ ಕೂತು ಬೆರಳು ನೆಕ್ಕುತ್ತಿದ್ದರು.

"ಬಂದ್ಯಾ? ನಡೆದು ನಡೆದು ಕರ್ರಗಾಗಿದ್ದೀಯಲ್ಲೇ" ಎಂದ ಗಂಡ ಮರುಕದಿಂದ. (ಅದು ಒಲೆಯ ಮಸಿ.)

"ಅದಿರ್ಲಿ. ಇಂಥ ಊಟ ಮಾಡಿ ಎಷ್ಟು ಕಾಲ ಆಗಿತ್ತು! ಅಡುಗೆಯವರು ಯಾರು?" ಎಂದರು ಅತ್ತೆ.

ಪಕ್ಕದಲ್ಲಿ ಕೂತಿದ್ದ ಯಾರೋ ಬಾಗಿಲತ್ತ ಕೈ ತೋರಿಸಿದರು. ಆಗತಾನೇ ನಡೆದು ಬಂದು, ಮೆಟ್ಟಿಲ ಮೇಲೆ ಕೂತು ಅಂಗಾಲು ತಿಕ್ಕಿಕೊಳ್ಳುತ್ತಿದ್ದ ಅಡುಗೆಯವರ ಹತ್ತಿರ ಅತ್ತೆ ಎದ್ದು ಹೋಗಿ ಕೈಮುಗಿದರು. ಅಡುಗೆಯವರು ಗಾಬರಿಯಿಂದ ಇವಳತ್ತ ನೋಡಿದರು. ನಿಜ ಹೇಳಲೇ ಎಂದು ಕಣ್ಣಲ್ಲೇ ಕೇಳಿದರು.

ಅವಳು ಒಂದು ಕ್ಷಣ ಯೋಚಿಸಿದಳು. ನಿಜ ಹೇಳಿದರೆ ಈ ಊಟ ಕೂಡಲೇ 'ತಿನ್ನಬಹುದು' ಆಗಿಬಿಡುತ್ತದೆ. ಆಗದಿದ್ದರೆ ಇನ್ನೂ ಕಷ್ಟ: ನಾಳೆಯಿಂದ ಮನೆಯಲ್ಲಿ ದಿನವೂ ಇದೇ ಆಗಬೇಕೆನ್ನುತ್ತಾರೆ. ಬೇಡವೆಂದು ತಲೆಯಾಡಿಸಿದಳು.

"ಇಷ್ಟು ರುಚಿ ಹೇಗಪ್ಪ ಬರುತ್ತೆ?" ಎಂದು ಅತ್ತೆ ಕೇಳಿದರು.

ಅಡುಗೆಯವರು ಗಂಟಲು ಸರಿಮಾಡಿಕೊಂಡರು. "ಉರಿ ಸಣ್ಣ ಇರಬೇಕಮ್ಮ. ಸೌಟು ಹಾಕಿ ಕೆದಕಬಾರದು."

ಅತ್ತೆ ಸೊಸೆಯ ಕಡೆ ತಿರುಗಿದರು. "ಕೇಳಿಸ್ಕೊಂಡ್ಯಾ? ಇದು ಒಂದು ದಿನದಲ್ಲಿ ಬರೋ ವಿದ್ಯೆ ಅಲ್ಲ. ಮಾಸ್ತರೇ, ಮುಂದಿನ ವರ್ಷಕ್ಕೂ ಇವಳ ಹೆಸರು ಸೇರಿಸ್ಕೊಳ್ಳಿ. ನಡೆಯೋದೇನೂ ಬೇಡ. ವ್ಯಾನಲ್ಲಿ ಇವರ ಜೊತೆ ಕೂರಿಸಿ, ನೋಡಿ ಕಲೀಲಿ."

"ಧಾರಾಳವಾಗಿ" ಎಂದರು ಪಂಕ್ತಿ ನೋಡಿಕೊಳ್ಳುತ್ತಿದ್ದ ಮಾಸ್ತರರು. ಅಡುಗೆಯವರು ಮುಂದಿನ ವರ್ಷಕ್ಕೆ ಈಗಲೇ ತಯಾರಿ ನಡೆಸಿದವರಂತೆ ಅಂಗಾಲನ್ನು ಪ್ರೀತಿಯಿಂದ ನೀವಿಕೊಂಡರು.

ಗಂಡ ಕೈತೊಳೆದು ಬಂದು ಅವಳ ಬೆನ್ನು ತಟ್ಟಿದ. "ನಾವು ದರ್ಶನ ಮುಗಿಸ್ಕೊಂಡು ಬರ್ತೀವಿ. ಅಷ್ಟು ದೂರ ನಡೆದಿದ್ದೀಯ, ನೀನು ಇಲ್ಲೇ ಕಾಲು ಚಾಚಿ ಕೂತ್ಕೋ."

"ಆಗಲಿ" ಎಂದಳು. ಒಳಗೆ ಎರಡನೇ ಪಂಕ್ತಿಯವರು ಅನ್ನಕ್ಕೆ ಕೂಗುತ್ತಿದ್ದರು.