ಪೂಜೆಗೆ ಕೂತ ನನ್ನ ಪುಸ್ತಕ

ಕೊಳ್ಳೇಗಾಲ, ಹನೂರು, ಯಳಂದೂರು, ಈ ಸೀಮೇಲಿ ನನ್ನ ಕೈಲಿ ಯಾಮಾರದೆ ಉಳಿದ ಮನುಷ್ಯ ಇನ್ನೂ ಹುಟ್ಟಿಲ್ಲ. ಇದು ಜಂಬ ಅಲ್ಲ, ಬೇಕಾದ್ರೆ ಯಾಮಾರಿದವರನ್ನೇ ಕೇಳಿ. ಮುದಿ ಕೋಳೀನ ಎಳೇದು ಅಂತ ಮಾರಿದ್ದೀನಿ, ತಿಂದವರು ಹಲ್ಲು ನೋವು ಅಂದಾಗ ಔಷಧೀನೂ ಹೇಳಿದ್ದೀನಿ. ಆದ್ರೆ ಸುಳ್ಳು ಹೇಳದೆ ಒಂದು ಸಾಮಾನು ಮಾರೋದು ಎಷ್ಟು ಕಷ್ಟ ಅಂತ ಗೊತ್ತಾಗಿದ್ದು ಈ ದಸರಾ ರಜದಲ್ಲಿ, ನಾನೇ ಬರೆದು ನಾನೇ ಅಚ್ಚು ಹಾಕಿಸಿದ ಪುಸ್ತಕ ಮಾರೋಕೆ ಹೊರಟಾಗ. ಪುಸ್ತಕದ ತುಂಬ ನನ್ನ ತರಲೆಗಳು, ಮುಖಪುಟದ ಫೋಟೋ ತುಂಬ ನನ್ನ ಮೀಸೆ. "ನೀವು ಬಾಯಲ್ಲಿ ಹೇಳಿದ್ರೆ ನಗ್ತಾರೆ. ಓದೋರು ಯಾರು?" ಅಂದಳು ನಮ್ಮನೆಯವಳು. ಅಲ್ಲಿಗೆ ಹಟ ಹುಟ್ಟಿತು. ದುಡ್ಡು ಹಾಳಾಗ್ಲಿ, ನಾನು ಎದುರಿಗಿಲ್ಲದಾಗ ಒಬ್ಬರಾದ್ರೂ ಓದಿ ನಗಬೇಕು. ಹಬ್ಬದಲ್ಲಿ ಎಲ್ಲರೂ ಮನೇಲಿರ್ತಾರೆ ಅಂತ ಮೊಪೆಡ್ಡಿಗೆ ಚೀಲ ಕಟ್ಟಿದೆ.

ಮೊದಲು ನಮ್ಮ ಬೀದಿಯ ನೇಕಾರ ನಂಜುಂಡ. ಮಗ್ಗದ ಗುಂಡಿಯಿಂದ ಕಾಲೇ ಎತ್ತಲಿಲ್ಲ. "ಗೌರಿ ಅಬ್ಬದಲ್ಲಿ ಮೈಸೂರ್ ಪಾಕು ಅಂತ ಬಟ್ಟೆ ಸೋಪು ತಿನ್ಸಿದೋನು ನೀನೇ ತಾನೆ? ಇದ್ರೊಳ್ಗೆ ಏನ್ ಮಡ್ಗಿದ್ದೀಯೋ ಯಾರ್ ಕಂಡೋರು. ತಕಂಡ್ ಓಗಣ್ಣೋ." ತೆರೆದು ತೋರಿಸ್ತೀನಿ ಅಂದೆ. "ದೂರದಿಂದ್ಲೇ ತೋರ್ಸು" ಅಂದ. ಹನೂರಿನ ದಿನಸಿ ಅಂಗಡಿಯವನು ತಮಿಳಿನವನು, ಅವನಿಗೆ ನನ್ನ ಚರಿತ್ರೆ ಗೊತ್ತಿರಲಾರದು ಅಂತ ಅಲ್ಲಿಗೆ ಹೋದೆ. ಚೆನ್ನಾಗೇ ಗೊತ್ತಿತ್ತು. "ಐಯಾ, ಈ ಕತೆಯೆಲ್ಲ ಪುಕ್ಕಟೆ ಏಳಿದ್ದೀರಲ್ಲ. ಟೀ ಕುಡೀರಿ, ಇನ್ನೊಂದು ಏಳಿ" ಅಂದ. ಟೀ ಕುಡಿದೆ. ಬಾಯಿ ಸುಮ್ಮನಿರಬೇಕಲ್ಲ, ಅಂಗಡಿ ತುಂಬ ಜನ ಸೇರೋ ತನಕ ಹೇಳಿದೆ. ಪುಸ್ತಕ ಒಂದೂ ಹೋಗಲಿಲ್ಲ.

ಸರಸ್ವತಿ ಪೂಜೆ ಹತ್ತಿರ ಬಂದಾಗ ತಲೆ ಓಡಿತು. ಮಾಂಬಳ್ಳೀಲಿ ಚಿಕ್ಕತಾಯಮ್ಮನ ಜಗಲಿ ಮೇಲೆ ಕೂತು, "ಪೂಜೆಗೆ ಹಳೇ ಪುಸ್ತಕ ಇಟ್ರೆ ಮಕ್ಕಳಿಗೆ ಹಳೇ ಮಾರ್ಕೇ ಬರೋದು. ಹೊಸದು ಇಡಬೇಕು ತಾಯಿ" ಅಂದೆ. ಅಕ್ಕಪಕ್ಕದವರೂ ಕೇಳಿಸ್ಕೊಂಡ್ರು. ಸಂಜೆ ಹೊತ್ತಿಗೆ ಚೀಲ ಖಾಲಿ. ಹಾಡು ಹೇಳ್ಕೊಂಡು ವಾಪಸ್ ಬರ್ತಾ ಅರ್ಧ ದಾರೀಲಿ ಹೊಳೀತು: ಪೂಜೆಗಿಟ್ಟ ಪುಸ್ತಕಾನ ವಿಜಯದಶಮಿ ತನಕ ಯಾರೂ ತೆರೆಯಂಗೇ ಇಲ್ಲ.

ಕಾದೆ. ಹಬ್ಬ ಕಳೆದ ಮೇಲೆ, ಈಗ ಓದಿರ್ತಾರೆ, ನಗು ಕೇಳೋಣ ಅಂತ ಮಾಂಬಳ್ಳಿಗೆ ಹೋದೆ. ಚಿಕ್ಕತಾಯಮ್ಮನ ಬಾಗಿಲಲ್ಲಿ ಚಪ್ಪಲಿ ಬಿಡ್ತಾ ಇಣುಕಿದ್ರೆ, ದೇವರ ಗೂಡಲ್ಲಿ ನಾನು ನಿಂತಿದ್ದೀನಿ. ಹಣೆಗೆ ಕುಂಕುಮ, ಕತ್ತಿಗೆ ಚೆಂಡುಹೂವಿನ ಹಾರ, ಮುಂದೆ ಊದುಬತ್ತಿ. ಮುಳ್ಳೂರಿಂದ ಹಬ್ಬಕ್ಕೆ ಬಂದಿದ್ದ ಅವಳ ಅಕ್ಕ, ಹಿಂದೆ ಅಂಗನವಾಡಿ ಟೀಚರ್ ಆಗಿದ್ದವಳು, ಲೊಚಗುಟ್ಟುತ್ತಾ ಇದ್ದಳು.

"ಮೀಸೆ ನೋಡುದ್ರೆ ಗಟ್ಟಿಮುಟ್ಟಾಗವ್ನೆ. ಯಾವಾಗ ತೀರ್ಕಂಡ್ನೇ ಪಾಪ?"

"ತೀರ್ಕಂಡ್ನಾ? ಮೊನ್ನೆ ಬಂದಿದ್ನಲ್ಲಕ್ಕ."

"ಮೊನ್ನೆ ಬಂದೋನು ಇವತ್ತಿಲ್ಲ, ಅದೇ ಕಣವ್ವ ಮನ್ಸನ ಬದ್ಕು. ಆರ ಆಕವ್ರಲ್ಲ."

ಪೂಜೆ ದಿನ ಹಾರ ಹಾಕಿದ್ದು ಚಿಕ್ಕತಾಯಮ್ಮನ ಸೊಸೆ. ಕೇಳೋಣ ಅಂದ್ರೆ ಅವಳು ತವರಿಗೆ ಹೋಗಿದ್ದಳು. ಸೊಸೆಗೇನೋ ಸುದ್ದಿ ಬಂದಿರಬೇಕು ಅಂದುಕೊಂಡಳೋ ಏನೋ, ಚಿಕ್ಕತಾಯಮ್ಮ ಸೆರಗನ್ನ ಕಣ್ಣಿಗೆ ಒತ್ತಿಕೊಂಡಳು. "ಸತ್ತೋನ ಮಾತು, ಒಂದೆರ್ಡು ಓದ್ತೀನಿ ತಡಿ" ಅಂತ ಅಕ್ಕ ಪುಸ್ತಕ ಕೆಳಗಿಳಿಸಿದಳು.

ಒಳಗೆ ಕಾಲಿಡಬೇಕು ಅಂತಿದ್ದವನು ಜಗಲಿ ಮೇಲೆ ಕುಕ್ಕರಿಸಿದೆ. ಸೋಪಿನ ಪುಟಾನೇ ಬಂತು. ಮೊದಲು ಅಳೋ ದನೀಲಿ ಓದಿದಳು. ನಂಜುಂಡನ ಬಾಯಲ್ಲಿ ನೊರೆ ಬರೋ ಹೊತ್ತಿಗೆ ದನಿ ನಡುಗಿತು. ಆಮೇಲೆ ಬಾಯಿಗೆ ಸೆರಗು ತುರುಕಿಕೊಂಡಂಥ ಸದ್ದು.

"ನಗ್ಬ್ಯಾಡ ಕಣಕ್ಕ, ಸತ್ತೋರ ವಿಸ್ಯ."

"ನಾನೆಲ್ಲಿ ನಗ್ತಾವ್ನಿ, ನೀನೇ ನಗ್ತಿರೋದು. ಮುಂದುಕ್ ಓದ್ಲಾ ಬ್ಯಾಡ್ವಾ?"

"ಓದು, ಓದು."

ಆಗ ಎದ್ದು ಹೋಗಿ ಮೀಸೆ ತೋರಿಸಿದ್ರೆ ಇಬ್ಬರೂ ಕಿರುಚಿ ಹಿತ್ತಲಿಗೆ ಓಡ್ತಿದ್ರು. ನನ್ನ ಜೀವಮಾನದ ತರಲೆಗಳಿಗೆಲ್ಲ ಅದೇ ರಾಜ ಆಗ್ತಿತ್ತು. ಆದ್ರೆ ಪುಸ್ತಕ ಮುಚ್ಚಿಬಿಡ್ತಿದ್ರಲ್ಲ. ಮೊಪೆಡ್ ಸ್ಟಾರ್ಟ್ ಮಾಡದೆ ಊರಾಚೆ ತನಕ ತಳ್ಕೊಂಡು ಬಂದೆ.

ಈಗ ಪುಸ್ತಕದಲ್ಲಿರೋ ನಂಬರಿಗೆ ಆ ಕಡೆಯಿಂದ ದಿನಾ ಫೋನು. ನಾನು ಸತ್ತ ಸುದ್ದಿ ಮುಳ್ಳೂರಿಗೂ ಮುಟ್ಟಿದೆ, ದೀಪಾವಳಿಗೆ ಅವರಿಗೂ ಪುಸ್ತಕ ಬೇಕಂತೆ. ಸತ್ತವನ ತಮ್ಮ ಅಂತ ದನಿ ಬದಲಾಯಿಸಿ ನಾನೇ ಮಾತಾಡ್ತೀನಿ. "ನಿಮ್ಮಣ್ಣ ಬಾಳ ಒಳ್ಳೇವ್ರಂತಲ್ಲ ಸಾ" ಅಂತಾರೆ. ಬರೀ ಹೌದು ಅಂದ್ರೆ ಅನುಮಾನ ಬರುತ್ತೆ ಅಂತ, "ಒಳ್ಳೇವನೇ, ಒಸಿ ಜಂಬ ಇತ್ತು ಅಷ್ಟೆ" ಅಂತೀನಿ.

"ಒಸಿ ಅಲ್ಲ, ಶ್ಯಾನೆ ಅಂತ ಹೇಳ್ರಿ" ಅಂತಾಳೆ ಅಡುಗೆಮನೆಯಿಂದ ನಮ್ಮನೆಯವಳು.