ಹಳೇ ಕೋವಿಗೆ ಬೆಲೆ ಕಟ್ಟುವವನ ಪಾಡು

ಹಳೇ ಕೋವಿಯೊಂದು ಮನೆಯಿಂದ ಹೊರಗೆ ಹೊರಟರೆ ಅದರ ಜೊತೆಗೆ ಒಂದು ಕಥೆಯೂ ಹೊರಟೇ ಹೊರಡುತ್ತದೆ. ನನ್ನ ಹಣೆಬರಹಕ್ಕೆ ಎರಡೂ ಸೀದಾ ಬಂದು ನನ್ನ ಮೇಜಿನ ಮೇಲೇ ಬೀಳುತ್ತವೆ.

ಪೊಲೀಸ್ ಶಸ್ತ್ರಾಗಾರದಲ್ಲಿ ಕೋವಿ ರಿಪೇರಿ ಮಾಡಿಕೊಂಡಿದ್ದವನು ನಾನು. ನಿವೃತ್ತಿಯಾದ ಮೇಲೆ ಜಯನಗರದ ಒಂದು ಕೋವಿ ಅಂಗಡಿಗೆ ಸೇರಿ ಹದಿನೈದು ವರ್ಷವಾಯಿತು. ಮನೆಯಲ್ಲಿರುವ ಹಳೇ ಕೋವಿಯನ್ನು ಮಾರಬೇಕೆನ್ನುವವರು ಮೊದಲು ನನ್ನ ಹತ್ತಿರ ಬರಬೇಕು. ಅದು ಯಾವ ಜಾತಿಯದು, ನಂಬರ್ ಏನು, ಕೆಲಸ ಮಾಡುತ್ತದೆಯೇ, ಎಷ್ಟು ಬಾಳುತ್ತದೆ ಎಂದು ನೋಡಿ ನಾನೊಂದು ಚೀಟಿ ಬರೆದು ಸಹಿ ಹಾಕುತ್ತೇನೆ. ಚೀಟಿಯಲ್ಲಿ ಒಂದು ಸುಳ್ಳು ಸಿಕ್ಕರೂ ಅಂಗಡಿಯ ಲೈಸೆನ್ಸ್ ಹೋಗುತ್ತದೆ, ಅದರ ಹಿಂದೆಯೇ ನನ್ನ ಕೆಲಸವೂ ಹೋಗುತ್ತದೆ. ಹಾಗಾಗಿ ನಾನು ಹಠ ಹಿಡಿದಿದ್ದೇನೆ. ಬಿಚ್ಚಿ ನೋಡದೆ ಬರೆಯುವುದಿಲ್ಲ, ನೋಡಿದ್ದನ್ನು ಬಿಟ್ಟು ಬೇರೆ ಬರೆಯುವುದಿಲ್ಲ. ಈ ಹಠಕ್ಕೆ ನಮ್ಮ ಮಾಲೀಕರು ನಿಯತ್ತು ಅನ್ನುತ್ತಾರೆ, ಗಿರಾಕಿಗಳು ತಲೆನೋವು ಅನ್ನುತ್ತಾರೆ.

ಹುಲಿ ಹೊಡೆದ ಬಂದೂಕು

ಒಂದು ದಿನ ಬೆಳಗ್ಗೆ ಜಯನಗರದ ಹಿರಿಯರೊಬ್ಬರು ರೇಷ್ಮೆ ಶಲ್ಯದಲ್ಲಿ ಸುತ್ತಿದ ಬಂದೂಕನ್ನು ಮಗುವಿನ ಥರ ಎತ್ತಿಕೊಂಡು ಬಂದರು.

"ಮಹಾರಾಜರು ನಮ್ಮ ತಾತನಿಗೆ ಕೈಯಾರೆ ಕೊಟ್ಟಿದ್ದು ಸಾರ್. ತಾತ ಇದರಲ್ಲೇ ಹುಲಿ ಹೊಡೆದಿದ್ದು," ಎಂದರು. ಜೊತೆಗೆ ಫೋಟೋ ಬೇರೆ ತಂದಿದ್ದರು. ಸತ್ತ ಹುಲಿಯ ಮೇಲೆ ಕಾಲಿಟ್ಟು ನಿಂತಿರುವ ತಾತ, ಕೈಯಲ್ಲಿ ಇದೇ ಬಂದೂಕು.

ಈ ಮಾತು ನನಗೆ ಹೊಸದಲ್ಲ. ನನ್ನ ಮೇಜಿಗೆ ಬಂದ ಕೋವಿಗಳಲ್ಲಿ ಅರ್ಧಕ್ಕರ್ಧ ಮಹಾರಾಜರು ಕೈಯಾರೆ ಕೊಟ್ಟವೇ. ಅಷ್ಟನ್ನೆಲ್ಲ ಹಂಚುತ್ತಾ ಕೂತಿದ್ದರೆ ಅವರಿಗೆ ರಾಜ್ಯ ನೋಡಿಕೊಳ್ಳಲು ಪುರುಸೊತ್ತೇ ಇರುತ್ತಿರಲಿಲ್ಲ.

ಶಲ್ಯ ಬಿಚ್ಚಿದೆ. ನಳಿಗೆ ಹಿಡಿದು ಬಗ್ಗಿಸಿದೆ. ಒಳಗೆ ದಪ್ಪನೆಯ ಸ್ಪ್ರಿಂಗ್ ಕಿರ್ ಎಂದಿತು.

"ಸಾರ್, ಇದು ಗಾಳಿ ಬಂದೂಕು. ಬಲೂನ್ ಹೊಡೆಯೋದು."

"ಸರಿಯಾಗಿ ನೋಡಿ. ಇದಕ್ಕೆ ಲೈಸೆನ್ಸೇ ಬೇಡ ಅಂತ ಮಹಾರಾಜರು ನಮ್ಮ ಮನೆತನಕ್ಕೆ ವಿನಾಯಿತಿ ಕೊಟ್ಟಿದ್ರಂತೆ."

"ಇಂಥ ಬಲೂನ್ ಬಂದೂಕಿಗೆ ಆಗ ಯಾರೂ ಲೈಸೆನ್ಸ್ ಕೇಳ್ತಿರಲಿಲ್ಲ ಸಾರ್. ಇದರ ಗುಂಡು ಕಡಲೆಕಾಳಿಗಿಂತ ಚಿಕ್ಕದು. ಹುಲಿಗೆ ಬಿದ್ರೆ ಸೊಳ್ಳೆ ಕೂತಿದೆ ಅಂದ್ಕೊಂಡು ಬಾಲ ಬೀಸುತ್ತೆ."

ಅವರು ಬಂದೂಕಿಗೆ ಮತ್ತೆ ಶಲ್ಯ ಸುತ್ತಿಕೊಂಡು ಹೋದರು. ಮಾರನೇ ದಿನ ಮತ್ತೆ ಬಂದರು. "ಒಂದು ಸಲ ಯೋಚನೆ ಮಾಡಿ," ಎಂದರು. ಆಗಲ್ಲ ಎಂದೆ. ಮೂರನೇ ದಿನವೂ ಬಂದರು. ಹಠದಲ್ಲಿ ನನಗೆ ಸರಿಸಮ ಸಿಕ್ಕಿದರಲ್ಲ ಎಂದು ಒಳಗೊಳಗೇ ಮೆಚ್ಚಿಕೊಂಡೆ. ಆದರೂ ಚೀಟಿಯಲ್ಲಿ "ಗಾಳಿ ಬಂದೂಕು" ಎಂದೇ ಬರೆದು ಮುಂದಿಟ್ಟೆ.

ಅವರು ಕನ್ನಡಕ ಹಾಕಿಕೊಂಡು ಓದಿದರು. ಆಮೇಲೆ ನನ್ನ ಪೆನ್ನನ್ನು ನನ್ನ ಕೈಗೇ ಕೊಟ್ಟು ಹೇಳಿದರು: "ಗಾಳಿ ಬಂದೂಕು ಅಂತಾನೇ ಇರ್ಲಿ, ಬೇಜಾರಿಲ್ಲ. ಕೆಳಗೆ ಒಂದೇ ಒಂದು ಲೈನ್ ಸೇರಿಸಿ. ಹುಲಿ ತುಂಬಾ ಹತ್ರ ಇತ್ತು ಅಂತ."

"ಖಾಲಿ ಇದೆ ಸಾರ್"

ಕೋವಿ ಮಾರುವವರೆಲ್ಲ ಮೊದಲು ಹೇಳುವ ಮಾತು ಇದೇ. ಶಸ್ತ್ರಾಗಾರದಲ್ಲಿ ನಾನು ಕಲಿತ ಮೊದಲ ಪಾಠ, ಈ ಮಾತನ್ನು ನಂಬಬಾರದು ಎನ್ನುವುದು. ನಾನೇ ಬಿಚ್ಚಿ ನೋಡುವ ತನಕ ಪ್ರತಿ ಕೋವಿಯಲ್ಲೂ ತೋಟೆ ಇದೆ ಎಂದೇ ಲೆಕ್ಕ.

ಜೆ.ಪಿ. ನಗರದ ಒಂದು ಫ್ಲ್ಯಾಟಿಗೆ ಜೋಡಿ ನಳಿಗೆಯ ಕೋವಿ ನೋಡಲು ಹೋಗಿದ್ದೆ. ಮನೆಯ ಯಜಮಾನರು ಸೋಫಾದಲ್ಲಿ ಕಾಲು ಚಾಚಿಕೊಂಡು, "ಖಾಲಿ ಇದೆ ಸಾರ್. ನಮ್ಮಪ್ಪ ಹೋದಾಗಿಂದ ಅದನ್ನ ಯಾರೂ ಮುಟ್ಟೇ ಇಲ್ಲ," ಎಂದರು.

"ಯಾರೂ ಮುಟ್ಟಿಲ್ಲ ಅನ್ನೋದೇ ನನಗೆ ಭಯ. ಎಲ್ಲರೂ ಎದ್ದು ನನ್ನ ಬೆನ್ನ ಹಿಂದೆ ಬನ್ನಿ," ಎಂದೆ.

ಯಜಮಾನರು ನಕ್ಕರು. ನಾನು ನಗಲಿಲ್ಲ. ಅವರು, ಅವರ ಹೆಂಡತಿ, ಟೀ ಕಪ್ ಹಿಡಿದಿದ್ದ ಪಕ್ಕದ ಮನೆಯ ಅಂಕಲ್, ಎಲ್ಲರೂ ಸಾಲಾಗಿ ನನ್ನ ಹಿಂದೆ ನಿಂತರು. ಕೋವಿಯ ಮೂತಿಯನ್ನು ಹೊರಗೋಡೆಯ ಕಡೆ ತಿರುಗಿಸಿ, ಕೋವಿ ಹಿಡಿಯುವ ಕ್ರಮದ ಬಗ್ಗೆ ಒಂದು ಸಣ್ಣ ಭಾಷಣವನ್ನೂ ಬಿಗಿದೆ. ಭಯ ಬೇರೆ, ಎಚ್ಚರ ಬೇರೆ, ಮೂವತ್ತು ವರ್ಷದಲ್ಲಿ ನನ್ನ ಕೈ ಒಮ್ಮೆಯೂ ನಡುಗಿದ್ದಿಲ್ಲ ಎಂದೆಲ್ಲ ಹೇಳಿ, ಕೀಲು ಒತ್ತಿ ಕೋವಿಯನ್ನು ಮಡಚಿದೆ.

ಎಡ ನಳಿಗೆಯಿಂದ ದಪ್ಪನೆಯ ಹಲ್ಲಿಯೊಂದು ಹೊರಗೆ ಬಂದು ನನ್ನ ತೋಳಿನ ಮೇಲೆ ಓಡಿತು.

ಆಮೇಲೆ ಏನಾಯಿತೋ ನನಗೆ ಸರಿಯಾಗಿ ನೆನಪಿಲ್ಲ. ನೆನಪು ಬಂದಾಗ ಕೋವಿ ಟೀಪಾಯಿಯ ಮೇಲಿತ್ತು, ನಾನು ಸೋಫಾದ ಮೇಲೆ ನಿಂತಿದ್ದೆ. ಆ ಮನೆಯ ಮೇಡಂ ಪೊರಕೆ ತಂದು ಹಲ್ಲಿಯನ್ನು ಬಾಲ್ಕನಿಗೆ ಅಟ್ಟಿ ಬಂದರು.

"ಮೂವತ್ತು ವರ್ಷ ಕೋವಿ ಹಿಡಿದವರು, ಒಂದು ಹಲ್ಲಿಗೆ ಹೀಗೆ ಹೆದರೋದಾ?" ಎಂದು ಕೇಳಿದರು.

"ಮೇಡಂ, ಕೋವಿಗೆ ಸೇಫ್ಟಿ ಲಾಕ್ ಇರುತ್ತೆ," ಎಂದೆ.

ಹಸಿರು ಕೋವಿ

ಕುಮಾರಸ್ವಾಮಿ ಲೇಔಟ್‌ನಲ್ಲಿ ಒಬ್ಬ ಯಜಮಾನರಿದ್ದಾರೆ. ಒಂದು ಕಾಲದಲ್ಲಿ ರಾಗಿ ಹೊಲಕ್ಕೆ ನುಗ್ಗುವ ಹಂದಿ ಓಡಿಸಲು ಕೋವಿ ಇಟ್ಟುಕೊಂಡಿದ್ದವರು. ಈಗ ಆ ಹೊಲದಲ್ಲಿ ಅವರದೇ ಮೂರು ಅಂತಸ್ತಿನ ಬಾಡಿಗೆ ಮನೆ ಎದ್ದಿದೆ. ಹಂದಿ ಬರುವುದಿಲ್ಲ, ಬಾಡಿಗೆದಾರರ ಮೇಲೆ ಕೋವಿ ಹಿಡಿಯುವಂತಿಲ್ಲ. ಮಾರಿಬಿಡೋಣ ಎಂದು ನನ್ನನ್ನು ಕರೆಸಿದ್ದರು.

ಕೋವಿ ಗೋಡೆಯ ಮೇಲಿತ್ತು. ನಳಿಗೆಯಿಂದ ಹಿಡಿದು ಹಿಡಿಯವರೆಗೆ ಪೂರ್ತಿ ಹಸಿರು. ಬಾಗಿಲಾಚೆ ನೋಡಿದರೆ ಗೇಟೂ ಅದೇ ಹಸಿರು, ಕಿಟಕಿಯ ಗ್ರಿಲ್ಲೂ ಅದೇ ಹಸಿರು.

"ಪೇಂಟರ್ ಬಂದಾಗ ಬಣ್ಣ ಮಿಕ್ಕಿರುತ್ತಲ್ಲ ಸಾರ್. ವೇಸ್ಟ್ ಯಾಕೆ ಅಂತ," ಎಂದರು ಯಜಮಾನರು.

ನಂಬರ್ ಓದದೆ ಚೀಟಿ ಬರೆಯಲಾಗದು. ನಂಬರ್ ಇರುವುದು ಬಣ್ಣದ ಅಡಿಯಲ್ಲಿ. "ಅಂದಾಜಲ್ಲಿ ಒಂದು ನಂಬರ್ ಹಾಕ್ಬಿಡಿ," ಎಂದರು. ನಾನು ಬಣ್ಣ ಕರಗಿಸುವ ಥಿನ್ನರ್ ತರಿಸಿ, ಪಂಚೆಯ ಚೂರು ಕೇಳಿ ತೆಗೆದುಕೊಂಡು, ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತೆ.

ಹಸಿರು ಹೋದ ಮೇಲೆ ಕೆನೆ ಬಣ್ಣ ಬಂತು. "ಅದು ಮಗಳ ಮದುವೆಗೆ ಹೊಡೆಸಿದ್ದು," ಎಂದರು ಯಜಮಾನರ ಹೆಂಡತಿ. ಕೆನೆ ಹೋದ ಮೇಲೆ ನೀಲಿ. "ಇದು ದೊಡ್ಡ ಮಗನ ಮದುವೆದು." ನೀಲಿಯ ಕೆಳಗೆ ಕೆಂಪು. "ಕೆಂಪು ಗೃಹಪ್ರವೇಶದ್ದು. ನೀವು ಇನ್ನೂ ಒಳಗೆ ಹೋದ್ರೆ ನಮ್ಮ ಮದುವೇನೂ ಸಿಗುತ್ತೆ." ಅವರ ಮದುವೆಯನ್ನೂ ದಾಟಿದೆ. ಅದರ ಕೆಳಗೆ ಎಷ್ಟೋ ಆಯುಧಪೂಜೆಗಳ ಅರಿಶಿನ ಕುಂಕುಮ ಎಣ್ಣೆ ಸೇರಿ ಸಿಮೆಂಟಿನಂತೆ ಗಟ್ಟಿಯಾಗಿತ್ತು.

ಅದನ್ನೂ ಬಿಡಲಿಲ್ಲ. ಮಂಡಿ ಹಿಡಿದುಕೊಂಡಿತು, ಉಗುರೆಲ್ಲ ಹಸಿರಾಯಿತು, ಊಟದ ಹೊತ್ತು ಮೀರಿತು. ಕೊನೆಗೆ ಲೋಹ ಹೊಳೆಯಿತು, ನಂಬರ್ ಒಂದೊಂದೇ ಅಂಕಿಯಾಗಿ ಕಾಣಿಸಿಕೊಂಡಿತು. ಕೋವಿಯನ್ನು ಬಿಸಿಲಿಗೆ ಹಿಡಿದು ತೋರಿಸುವಾಗ ಒಳಗೊಳಗೇ ಹೆಮ್ಮೆಯಾಯಿತು, ಸುಳ್ಳು ಹೇಳುವುದಿಲ್ಲ.

ಯಜಮಾನರ ಹೆಂಡತಿ ಹತ್ತಿರ ಬಂದು ನಳಿಗೆಯ ಮೇಲೆ ಬೆರಳಾಡಿಸಿದರು. ಕಣ್ಣರಳಿಸಿ, "ಎಷ್ಟು ಚೆನ್ನಾಗಿ ಕೆರೆದಿದೀರ ಸಾರ್," ಎಂದರು. ಆಮೇಲೆ ಡಬ್ಬಿ ಅಲ್ಲಾಡಿಸಿ ನೋಡಿದರು. "ಥಿನ್ನರ್ ಇನ್ನೂ ಮಿಕ್ಕಿದೆ. ಗೇಟೂ ಮಾಡ್ಬಿಡ್ತೀರಾ?"

ಪಾಲಾದ ಕೋವಿ

ಇದು ಉತ್ತರಹಳ್ಳಿಯ ಕಡೆಯ ಒಂದು ಮನೆಯದು. ಯಜಮಾನರು ತೀರಿಕೊಂಡ ಮೇಲೆ ಇಬ್ಬರು ಗಂಡುಮಕ್ಕಳು ಜಮೀನು, ಸೈಟು, ಪಾತ್ರೆ ಪಡಗ ಎಲ್ಲ ಪಾಲು ಮಾಡಿಕೊಂಡರು. ಕೋವಿ ಒಂದೇ ಇತ್ತು. ನನಗೆ ತನಗೆ ಎಂದು ಜಗಳವಾಗಿ, ಕೊನೆಗೆ ಅದನ್ನೂ ಬಿಚ್ಚಿ ಪಾಲು ಮಾಡಿದರು. ನಳಿಗೆ ದೊಡ್ಡ ಮಗನಿಗೆ, ಹಿಡಿ ಮತ್ತು ಟ್ರಿಗರ್ ಇರುವ ಹಿಂಭಾಗ ಚಿಕ್ಕ ಮಗನಿಗೆ. ಅವತ್ತಿನಿಂದ ಇಬ್ಬರಿಗೂ ಮಾತು ನಿಂತಿತ್ತು.

ಎರಡು ವರ್ಷದ ಮೇಲೆ ಪೊಲೀಸ್ ಠಾಣೆಯಿಂದ ನೋಟಿಸ್ ಬಂತು. ಲೈಸೆನ್ಸ್ ಇದ್ದವರು ತೀರಿಕೊಂಡಿದ್ದಾರೆ, ಕೋವಿಯನ್ನು ಇಂಥ ದಿನದೊಳಗೆ ಅಂಗಡಿಗೆ ಒಪ್ಪಿಸಿ ರಸೀದಿ ತರದಿದ್ದರೆ ಇಬ್ಬರು ಮಕ್ಕಳ ಮೇಲೂ ಕೇಸ್. ಅವರು ನನ್ನ ಮುಂದೆ ಬಂದು ಕೂತದ್ದು ಗಡುವಿನ ಕೊನೆಯ ದಿನ. ಅಣ್ಣ ಆ ತುದಿಯ ಕುರ್ಚಿ, ತಮ್ಮ ಈ ತುದಿಯ ಕುರ್ಚಿ, ಮಧ್ಯದಲ್ಲಿ ಅವರ ತಾಯಿ. ಎಂಬತ್ತರ ಹತ್ತಿರದ ಅಜ್ಜಿ.

ಅಣ್ಣ ತಂದಿದ್ದ ನಳಿಗೆಯ ಒಂದು ತುದಿ ಮಸಿ ಹಿಡಿದು ಕಪ್ಪಾಗಿತ್ತು, ಇನ್ನೊಂದು ತುದಿ ಫಳಫಳ ಹೊಳೆಯುತ್ತಿತ್ತು. ಏನಿದು ಎಂದೆ.

"ಹಂಡೆ ಒಲೆ ಊದ್ತಾ ಇದ್ವಿ ಸಾರ್. ಒಳ್ಳೆ ಗಾಳಿ ಹೋಗುತ್ತೆ," ಎಂದರು ಅಣ್ಣ.

ಎರಡೂ ಭಾಗ ಜೋಡಿಸಿದೆ. ನಂಬರ್ ತಾಳೆಯಾಯಿತು. ಟ್ರಿಗರ್ ಎಳೆದರೆ ಬರೀ ಟೊಳ್ಳು ಸದ್ದು. ಬಿಚ್ಚಿ ನೋಡಿದೆ. ತೋಟೆಯ ಬೆನ್ನಿಗೆ ಬಡಿದು ಅದನ್ನು ಸಿಡಿಸುವ ಬೆರಳುದ್ದದ ಉಕ್ಕಿನ ಕಡ್ಡಿಯೊಂದು ಇರುತ್ತದೆ, ಪಿನ್ ಎನ್ನುತ್ತೇವೆ. ಅದೇ ಇರಲಿಲ್ಲ.

"ಪಿನ್ ಎಲ್ಲಿ?"

"ಹಿಂಭಾಗ ಅವನ ಹತ್ರ ಇತ್ತು. ಅವನೇ ತೆಗೆದಿರ್ತಾನೆ," ಎಂದರು ಅಣ್ಣ.

"ಬಿಚ್ಚಿ ಪಾಲು ಮಾಡ್ದೋನು ಅವನು. ನನಗೆ ಕೊಡೋ ಮುಂಚೆನೇ ಎಗರಿಸಿದಾನೆ," ಎಂದರು ತಮ್ಮ.

ಇಬ್ಬರೂ ಎದ್ದು ನಿಂತರು. ನಮ್ಮ ಮಾಲೀಕರು ಕೌಂಟರಿನಿಂದಲೇ, "ಕೆಲಸ ಮಾಡುತ್ತೆ ಅಂತ ಬರೆದು ಕಳಿಸ್ರೀ, ಟೈಮ್ ಆಗ್ತಿದೆ," ಎಂದು ಅವಸರ ಮಾಡಿದರು. ಬರೆಯಲ್ಲ ಎಂದೆ. "ಪಿನ್ ಕಾಣೆ ಅಂತಾದ್ರೂ ಬರೀರಿ," ಎಂದರು ತಮ್ಮ. ಹಾಗೆ ಬರೆದರೆ ಠಾಣೆಯಲ್ಲಿ ಯಾರು ತೆಗೆದದ್ದು ಎಂದು ಕೇಳುತ್ತಾರೆ. ಇವನು ಅವನ ಹೆಸರು ಹೇಳುತ್ತಾನೆ, ಅವನು ಇವನ ಹೆಸರು ಹೇಳುತ್ತಾನೆ, ಸಂಜೆಯೊಳಗೆ ಇಬ್ಬರೂ ಒಳಗಿರುತ್ತಾರೆ. ಅಜ್ಜಿಯ ಮುಖ ನೋಡಿ ನನಗೆ ಸಂಕಟವಾಯಿತು. ಆದರೂ ಪೆನ್ನಿನ ಮುಚ್ಚಳ ಹಾಕಿ, "ಪಿನ್ ಸಿಗೋವರೆಗೂ ನಾನೂ ಏಳಲ್ಲ, ನೀವೂ ಏಳಬೇಡಿ," ಎಂದು ಕೂತುಬಿಟ್ಟೆ.

ಮಕ್ಕಳ ಕೂಗಾಟ ಏರುತ್ತಿತ್ತು. ಅಜ್ಜಿ ಮಾತ್ರ ಸಮಾಧಾನವಾಗಿ ಸೊಂಟದಿಂದ ಎಲೆಅಡಿಕೆ ಚೀಲ ತೆಗೆದರು. ವೀಳ್ಯದೆಲೆ ತೊಡೆಯ ಮೇಲೆ ಒರೆಸಿಕೊಂಡರು, ಸುಣ್ಣದ ಡಬ್ಬಿ ತೆರೆದರು, ಒಂದು ಕಡ್ಡಿಯಿಂದ ಸುಣ್ಣ ತೆಗೆದು ಎಲೆಗೆ ಸವರತೊಡಗಿದರು. ನನ್ನ ಕಣ್ಣು ಆ ಕಡ್ಡಿಯ ಮೇಲೆ ನಿಂತಿತು.

"ಅಮ್ಮಾ, ಆ ಕಡ್ಡಿ ಒಂಚೂರು ಕೊಡ್ತೀರಾ?"

ಸುಣ್ಣ ಒರೆಸಿ ನೋಡಿದೆ. ಒಂದಿಷ್ಟೂ ತುಕ್ಕಿರಲಿಲ್ಲ. ಕೋವಿಯಲ್ಲಿಟ್ಟು ತಿರುಗಿಸಿದರೆ ಟಕ್ ಎಂದು ಕೂತಿತು. ಮಕ್ಕಳಿಬ್ಬರೂ ಒಟ್ಟಿಗೇ ತಾಯಿಯ ಕಡೆ ತಿರುಗಿದರು.

"ಯಾಕ್ ಹಂಗ್ ನೋಡ್ತೀರ್ರೋ," ಎಂದರು ಅಜ್ಜಿ. "ನಾನ್ ಮದುವೆಯಾಗಿ ಬಂದ ತಿಂಗಳೇ ನಿಮ್ಮಪ್ಪ ಬದುವಿನ ಜಗಳಕ್ಕೆ ಕೋವಿ ಎತ್ಕೊಂಡು ಅವರಣ್ಣನ ಮೇಲೆ ಹೋಗಿದ್ರು. ಅವತ್ತು ಕಾಲು ಕಟ್ಕೊಂಡು ನಿಲ್ಸಿದ್ದೆ. ಮಾರನೇ ದಿನವೇ ಬಿಚ್ಚಿ ತೆಗೆದಿಟ್ಟೆ. ನಮ್ಮ ತೌರಲ್ಲೂ ಕೋವಿ ಇತ್ತು, ಬಿಚ್ಚೋದು ನನಗೆ ಗೊತ್ತಿತ್ತು. ನೀವಿಬ್ರೂ ಅವರದೇ ರಕ್ತ ಅಲ್ವಾ, ಅದಕ್ಕೇ ಇಷ್ಟು ದಿನ ಬಾಯಿ ಬಿಡಲಿಲ್ಲ."

"ಮತ್ತೆ ಅಪ್ಪ ಬೇಟೆಗೆ ಹೋಗ್ತಿದ್ರಲ್ಲಮ್ಮ?" ಎಂದರು ದೊಡ್ಡ ಮಗ.

"ಹೋಗ್ತಿದ್ರು, ಬರ್ತಿದ್ರು. ನೀನು ಯಾವತ್ತಾದ್ರೂ ಬೇಟೆ ಸಾರು ಉಂಡಿದೀಯಾ?"

ಮೊದಲು ನಕ್ಕದ್ದು ತಮ್ಮ. ಅಣ್ಣ ತಡೆದುಕೊಳ್ಳಲು ನೋಡಿದರು, ಆಗಲಿಲ್ಲ. ಎರಡು ವರ್ಷ ಮಾತು ಬಿಟ್ಟವರು ನನ್ನ ಮೇಜಿನ ಮೇಲೆ ಕೈಯೂರಿಕೊಂಡು ಒಟ್ಟಿಗೆ ನಗುವುದು ನೋಡಿ ನನಗೂ ಕಣ್ಣು ಒದ್ದೆಯಾಯಿತು. ಒಂದೇ ಪೆನ್ನಿನಲ್ಲಿ ಇಬ್ಬರೂ ಸಹಿ ಹಾಕಿದರು. "ಕೆಲಸ ಮಾಡುತ್ತದೆ" ಎಂದು ನಾನು ಧೈರ್ಯವಾಗಿ ಬರೆದೆ. ರಸೀದಿ ಕೈಗೆ ಸಿಕ್ಕಿತು, ಕೇಸಿನ ಭಯ ಕಳೆಯಿತು.

ಅಲ್ಲಿಗೆ ಮುಗಿಯಬೇಕಿತ್ತು. ಮಾಲೀಕರು ಸುಮ್ಮನಿರದೆ, "ಅಲ್ಲಮ್ಮ, ಕೋವಿ ಹಾರ್ತಾ ಇಲ್ಲ ಅಂತ ನಿಮ್ಮ ಯಜಮಾನ್ರಿಗೆ ಅನುಮಾನ ಬರಲಿಲ್ವಾ?" ಎಂದು ಕೇಳಿದರು.

"ಕೋವಿ ಮೇಲೆ ಯಾಕ್ ಅನುಮಾನ ಪಡ್ತಾರೆ? ತೋಟೆ ಸರಿಯಿಲ್ಲ ಅಂತ ಬೈಕೊಂಡು, ಇದೇ ಅಂಗಡಿಗೆ ತಂದು ಬದಲಾಯಿಸ್ಕೊಂಡು ಹೋಗ್ತಿದ್ರು."

ಮಾಲೀಕರು ನಿಧಾನವಾಗಿ ನನ್ನ ಕಡೆ ತಿರುಗಿದರು. ಪಿನ್ ಬಡಿದ ತೋಟೆಯ ಬೆನ್ನಲ್ಲಿ ಒಂದು ಗುಳಿ ಬಿದ್ದಿರುತ್ತದೆ, ಬಡಿಯದೇ ಇದ್ದರೆ ಬೀಳುವುದಿಲ್ಲ. ತಿರುಗಿಸಿ ನೋಡಿದರೆ ಯಾರಿಗಾದರೂ ತಿಳಿಯುವ ವಿಷಯ. ವಾಪಸ್ ಬಂದ ತೋಟೆಗಳನ್ನು ತಿರುಗಿಸಿ ನೋಡಬೇಕಾದವನು ನಾನೇ. ನನಗೆ ಚಾವಣಿಯ ಫ್ಯಾನ್ ಬಿಟ್ಟು ಬೇರೆಲ್ಲೂ ನೋಡಲಾಗಲಿಲ್ಲ.

ಅಜ್ಜಿಗೆ ಪಾಪ ಇದೊಂದೂ ಗೊತ್ತಿಲ್ಲ. ಹೊರಡುವ ಮೊದಲು ನನ್ನ ಕೈ ಹಿಡಿದುಕೊಂಡು ಪ್ರೀತಿಯಿಂದ ಹೇಳಿದರು: "ಅವರಿಗೆ ತೋಟೆ ಬದಲಾಯಿಸಿ ಕೊಡ್ತಿದ್ದೋರು ನೀವೇ ಅಲ್ವೇನಪ್ಪಾ? ಕೊನೇವರೆಗೂ ನಿಮ್ಮನ್ನ ಹೊಗಳ್ತಿದ್ರು. ಜಯನಗರದ ಅಂಗಡೀಲಿ ಒಬ್ರಿದಾರೆ, ಕೈಗೆ ತಗೊಂಡು ಕೂಡ ನೋಡಲ್ಲ, ದೂರದಿಂದಲೇ ತೋಟೆ ಕೆಟ್ಟಿದೆ ಅಂತ ಕಂಡುಹಿಡಿದುಬಿಡ್ತಾರೆ ಅಂತ."